ಯೂಟ್‌ಗೆ ಹೊಸ ಟೂಲ್‌ಬಾಕ್ಸ್: ಇಲ್ಲಿಯವರೆಗಿನ ಕೆಲಸ

ಮೊದಲು ತೂಕ

ಹಳೇ ಬಾಕ್ಸ್ ಬಿಚ್ಚಿ ಇಳಿಸಿದ್ದಾಯ್ತು. ಟ್ರೇ ಖಾಲಿ, ಸಾಮಾನೆಲ್ಲ ಗ್ಯಾರೇಜಿನ ನೆಲದ ಮೇಲೆ. ಹೊಸದನ್ನು ನೋಡಲು ಹೋಗುವ ಮುಂಚೆ ತೂಕದ ಯಂತ್ರ ತಂದು ಒಂದೊಂದನ್ನೇ ತೂಗಿ ಬರೆದಿಟ್ಟೆ.

ಊರಲ್ಲಿರುವವರಿಗೆ ಒಂದು ಮಾತು. ಯೂಟ್ ಅಂದ್ರೆ ಆಸ್ಟ್ರೇಲಿಯಾದ ಪಿಕಪ್. ಮುಂದೆ ಕಾರಿನಂಥ ಕ್ಯಾಬಿನ್, ಹಿಂದೆ ಸಾಮಾನು ಹೊರುವ ಜಾಗ. ಇಲ್ಲಿಯ ಫೋರ್ಡ್ ಕಂಪನಿ 1934ರಲ್ಲೇ ಜೀಲಾಂಗ್‌ನಿಂದ ಇಂಥ ಗಾಡಿ ಹೊರತಂದಿತ್ತು. ನನ್ನದು ಸಿಂಗಲ್ ಕ್ಯಾಬ್, ಹಿಂದೆ ಚಪ್ಪಟೆ ಅಲ್ಯೂಮಿನಿಯಂ ಟ್ರೇ. ಕೆಲಸ ಪ್ಲಂಬಿಂಗ್.

ಗಾಡಿ ಎಲ್ಲ ಸೇರಿ ಎಷ್ಟು ತೂಗಬಹುದು ಅನ್ನುವ ಮಿತಿಗೆ ಇಲ್ಲಿ ಜಿವಿಎಂ ಅಂತಾರೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದು ನಮ್ಮ ಪಾಲು. ‘ಒಂದು ಟನ್ ಯೂಟ್’ ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಆದರೆ ಟ್ರೇ ಇಲ್ಲದೆ ಕ್ಯಾಬ್ ಮತ್ತು ಷಾಸಿ ಮಾತ್ರ ಮಾರುವ ಗಾಡಿಯಲ್ಲಿ ಟ್ರೇ ತೂಕವೂ ಆ ಪಾಲಿನೊಳಗೇ ಬರುತ್ತದೆ. ಆಮೇಲೆ ಗಾಡಿಯ ಮುಂದೆ ಕಾಪಿಗೆ ಹಾಕುವ ಬುಲ್ ಬಾರ್, ಬಾಕ್ಸ್, ನಾನು, ಪಕ್ಕ ಕೂರುವ ಹುಡುಗ. ಟ್ರೇಲರ್ ಹಾಕಿದರೆ ಅದರ ಮೂತಿ ನಮ್ಮ ಗಾಡಿಯ ಹಿಂದಿನ ಕೊಂಡಿ (ಹಿಚ್) ಮೇಲೆ ಊರುವ ಭಾರವೂ ಸೇರಿತು. ಟನ್ ಎಲ್ಲಿ ಕರಗಿತು ಅಂತ ಆಗ ಗೊತ್ತಾಗುತ್ತದೆ.

ಅದಕ್ಕೇ ಉಕ್ಕಿನ ಬಾಕ್ಸ್ ಬೇಡ ಅಂದುಕೊಂಡೆ. ಒಂದೇ ದಪ್ಪದ ತಗಡು ತಗೊಂಡರೆ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಗುತ್ತದೆ. ಉಕ್ಕು ಅಗ್ಗ, ಗಟ್ಟಿ, ಬಗ್ಗಿದರೆ ಬಡಿದು ಸರಿಮಾಡಬಹುದು. ಆದರೆ ಸಮುದ್ರದ ಗಾಳಿಗೆ ಬಣ್ಣ ಸ್ವಲ್ಪ ಕಿತ್ತರೂ ತುಕ್ಕು ಶುರು. ಅಲ್ಯೂಮಿನಿಯಂಗೆ ಬೇರೆ ರೋಗ ಇದೆ: ಸದಾ ಕುಲುಕಾಡುವ ಮಣ್ಣು ರಸ್ತೆಯಲ್ಲಿ ಬೆಸುಗೆ ಹತ್ತಿರ ಬಿರುಕು ಬಿಡುತ್ತದೆ. ಹಾಗಾಗಿ 2.5 ಮಿ.ಮೀ. ತಗಡು, ಮೂಲೆಗಳಿಗೆ ಒಳಗಿನಿಂದ ಪಟ್ಟಿ ಕೊಟ್ಟಿರುವುದನ್ನೇ ಹುಡುಕಿದೆ. ಬಣ್ಣ ಬಿಳಿ. ಕಪ್ಪು ಬಾಕ್ಸ್ ನೋಡಲು ಚೆಂದ, ನಿಜ. ಇಲ್ಲಿ ಜನವರಿ ಅಂದ್ರೆ ಬೇಸಿಗೆ, ಆ ಬಿಸಿಲಲ್ಲಿ ಅದರೊಳಗೆ ಕೈ ಹಾಕಿದವರು ಯಾರೂ ಚೆಂದದ ಮಾತಾಡಲ್ಲ.

ಯಾವ ಆಕಾರ?

ಇಡೀ ಟ್ರೇ ಮುಚ್ಚುವ ಕ್ಯಾನಪಿ ಹಾಕಿಸು ಅಂತ ಎಲ್ಲರ ಸಲಹೆ. ನನಗೆ ಆಗಲ್ಲ. ವಾಟರ್ ಹೀಟರ್ ಬದಲಾಯಿಸುವ ಕೆಲಸ ಜಾಸ್ತಿ, ಹೀಟರಿನ ಎತ್ತರದ ನೀರಿನ ಸಿಲಿಂಡರ್ ನಿಲ್ಲಿಸಿಕೊಂಡು ಹೋಗಬೇಕು. ಕಿತ್ತ ಹಳೇ ಪೈಪು, ಮಣ್ಣು ಮೆತ್ತಿದ ಸಲಿಕೆ, ಇವನ್ನೆಲ್ಲ ಮುಚ್ಚಿದ ಪೆಟ್ಟಿಗೆಯಲ್ಲಿ ಯಾರಾದರೂ ತುಂಬುತ್ತಾರಾ? ಕೊನೆಗೆ ಕ್ಯಾಬಿನ್ನಿಗೆ ಅಂಟಿದಂತೆ ಟ್ರೇಯ ಮುಂದಿನ ಅರ್ಧಕ್ಕೆ ಮಾತ್ರ ಬಾಕ್ಸ್, ಎರಡೂ ಪಕ್ಕ ಬಾಗಿಲು, ಹಿಂದಿನ ಅರ್ಧ ಬಯಲು ಅಂತ ತೀರ್ಮಾನಿಸಿದೆ. ಭಾರ ಹಿಂದಿನ ಆಕ್ಸಲ್‌ನ ಮುಂದುಗಡೆಯೇ ಉಳಿಯುತ್ತದೆ ಅನ್ನುವುದು ಇನ್ನೊಂದು ಲಾಭ. ಬಾಲದ ಕಡೆ ಭಾರ ಹಾಕಿದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲಿದಂತಾಗುತ್ತದೆ.

ಟ್ರೇ ಕೆಳಗೆ ಚಕ್ರದ ಪಕ್ಕ ತೂಗುಹಾಕುವ ಸಣ್ಣ ಬಾಕ್ಸ್‌ಗಳೂ ಸಿಗುತ್ತವೆ. ಅಲ್ಲಿ ನೀರು, ಧೂಳು ಎರಡೂ ನೇರ ಹೊಡೆತ. ಹಗ್ಗ, ಸ್ಟ್ರಾಪ್ ಇಡಲು ಮಾತ್ರ ಸರಿ.

ಕೂರಿಸಿದ್ದು

ಇಲ್ಲಿಯ ಲೋಡ್ ರಿಸ್ಟ್ರೇಂಟ್ ಗೈಡ್ ಪ್ರಕಾರ, ಸಾಮಾನು ಹಿಡಿದಿಡುವ ವ್ಯವಸ್ಥೆ ಮುಂದಕ್ಕೆ ತೂಕದ 80 ಶೇಕಡಾ, ಪಕ್ಕಕ್ಕೆ ಮತ್ತು ಹಿಂದಕ್ಕೆ 50 ಶೇಕಡಾ, ಮೇಲಕ್ಕೆ 20 ಶೇಕಡಾ ಬಲ ತಡೆಯಬೇಕು. ಅಂದರೆ ತುಂಬಿದ ಬಾಕ್ಸ್ 250 ಕೆ.ಜಿ. ಇದ್ದರೆ, ಗಟ್ಟಿ ಬ್ರೇಕ್ ಹಾಕಿದಾಗ 200 ಕೆ.ಜಿ. ಭಾರದಷ್ಟು ಬಲ ಬೆನ್ನ ಹಿಂದಿನಿಂದ ನುಗ್ಗುತ್ತದೆ. ಈ ಲೆಕ್ಕ ಮನಸ್ಸಲ್ಲಿ ಕೂತ ಮೇಲೆ ಬರೀ ಸ್ಟ್ರಾಪ್ ಕಟ್ಟಿ ಓಡಾಡಲು ಧೈರ್ಯ ಬರಲ್ಲ. ಬೋಲ್ಟ್ ಹಾಕಿ, ಟ್ರೇ ಅಡಿಯಲ್ಲಿ ಅಗಲವಾದ ಉಕ್ಕಿನ ಪಟ್ಟಿ ಕೊಟ್ಟು ಬಿಗಿದೆ. ಬರೀ ವಾಷರ್ ಆದರೆ ತೆಳು ತಗಡನ್ನು ಹರಿದುಕೊಂಡು ಬರಬಹುದು. ಉಕ್ಕು ಅಲ್ಯೂಮಿನಿಯಂ ನೇರ ತಾಗಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಅದಕ್ಕೆ ಮಧ್ಯೆ ರಬ್ಬರ್ ಶೀಟ್.

ಧೂಳು ಒಳಗೆ ಬರುವುದು ಬಾಗಿಲಿನ ಸುತ್ತಲಿನ ರಬ್ಬರ್ ಸರಿಯಾಗಿ ಒತ್ತದಿದ್ದಾಗ. ಇದನ್ನು ನೋಡುವುದು ಸುಲಭ: ರಾತ್ರಿ ಒಳಗೆ ಟಾರ್ಚ್ ಹೊತ್ತಿಸಿಟ್ಟು ಬಾಗಿಲು ಮುಚ್ಚಿ, ಸುತ್ತ ಒಂದು ಪ್ರದಕ್ಷಿಣೆ. ಬೆಳಕಿನ ಗೆರೆ ಕಂಡಲ್ಲೆಲ್ಲ ಬೀಗದ ನಾಲಿಗೆಯನ್ನು ಸ್ವಲ್ಪ ಸ್ವಲ್ಪ ಬಿಗಿಮಾಡಿದೆ. ಬಲಗಡೆ ಕೆಳಮೂಲೆ ಹಟಮಾರಿ, ಅಲ್ಲಿ ಇನ್ನೂ ಒಂದು ಕೂದಲೆಳೆಯಷ್ಟು ಬೆಳಕಿದೆ.

ಎಲ್ಲಿ ಏನು

ಇದೇ ನನಗೆ ಇಷ್ಟದ ಭಾಗ. ಸಾಮಾನ್ಯವಾಗಿ ಜನ ಜಾತಿವಾರು ಜೋಡಿಸುತ್ತಾರೆ. ಸ್ಪ್ಯಾನರೆಲ್ಲ ಒಂದು ಕಡೆ, ಸ್ಕ್ರೂಡ್ರೈವರೆಲ್ಲ ಇನ್ನೊಂದು ಕಡೆ. ನೋಡಲು ಅಚ್ಚುಕಟ್ಟು. ಆದರೆ ಒಂದು ಸೋರುವ ನಲ್ಲಿಗೆ ಐದು ಡ್ರಾಯರ್ ಎಳೆಯಬೇಕು.

ನಾನು ಕಾಲು ಎಲ್ಲಿ ನಿಲ್ಲುತ್ತದೆ ಅನ್ನುವುದರಿಂದ ಶುರು ಮಾಡಿದೆ. ಇಲ್ಲಿಯೂ ಗಾಡಿ ಓಡುವುದು ಎಡಬದಿಯಲ್ಲಿ. ರಸ್ತೆ ಪಕ್ಕ ನಿಲ್ಲಿಸಿದರೆ ಎಡ ಬಾಗಿಲು ಫುಟ್‌ಪಾತ್ ಕಡೆ, ಬಲ ಬಾಗಿಲು ಓಡುವ ಗಾಡಿಗಳ ಕಡೆ. ಹಾಗಾಗಿ ದಿನಾ ಬೇಕಾದದ್ದೆಲ್ಲ ಎಡಕ್ಕೆ. ಬಲಕ್ಕೆ ದಾಸ್ತಾನು ಮತ್ತು ಅಪರೂಪದ ಸಾಮಾನು, ಅಂಗಳದೊಳಗೆ ನಿಲ್ಲಿಸಿದಾಗ ತೆಗೆದರಾಯಿತು.

ಎಡಗಡೆ ಸೊಂಟದ ಎತ್ತರದ ಡ್ರಾಯರ್ ಇರುವುದು ನಲ್ಲಿ ರಿಪೇರಿಗೆ: ಅಡ್ಜಸ್ಟಬಲ್ ಸ್ಪ್ಯಾನರ್, ಬೇಸಿನ್ ಸ್ಪ್ಯಾನರ್, ವಾಷರ್‌ಗಳು, ಟೆಫ್ಲಾನ್ ಟೇಪ್, ತಲೆಗೆ ಕಟ್ಟುವ ಲೈಟ್. ಅದರ ಕೆಳಗಿನದು ಪೈಪ್ ಕತ್ತರಿಸಿ ಜೋಡಿಸುವುದಕ್ಕೆ. ಸ್ಕ್ರೂಡ್ರೈವರ್ ಎರಡರಲ್ಲೂ ಇದೆ, ಇರಲಿ. ಎರಡನೇ ಸ್ಕ್ರೂಡ್ರೈವರಿಗೆ ಆಗುವ ಖರ್ಚು ಓಡಾಟಕ್ಕಿಂತ ಕಡಿಮೆ. ಚರಂಡಿ ಬಿಡಿಸುವ ಮೆಷಿನ್ ಎಲ್ಲಕ್ಕಿಂತ ಭಾರ, ಅದು ನೆಲಕ್ಕೆ ತಾಗಿಕೊಂಡು ಕ್ಯಾಬಿನ್ ಗೋಡೆ ಕಡೆ. ಹಿತ್ತಾಳೆ ಫಿಟಿಂಗ್‌ಗಳೂ ಕೆಳಗೇ. ಪ್ಲಾಸ್ಟಿಕ್ ಫಿಟಿಂಗ್ ಮೇಲಿನ ಶೆಲ್ಫಿಗೆ.

ಡ್ರಾಯರ್ ರೈಲು ತಗೊಳ್ಳುವಾಗ ತೆರೆದಾಗಲೂ ಮುಚ್ಚಿದಾಗಲೂ ಲಾಕ್ ಆಗುವಂಥದ್ದೇ ನೋಡಿ. ಇಳಿಜಾರಲ್ಲಿ ನಿಲ್ಲಿಸಿದಾಗ ತುಂಬಿದ ಡ್ರಾಯರ್ ತಾನಾಗಿ ವಾಪಸ್ ಬಂದರೆ ಬೆರಳಿಗೆ ಗತಿಯಿಲ್ಲ.

ಉಪಕರಣದ ಆಕಾರಕ್ಕೆ ಕೊರೆದ ಎರಡು ಬಣ್ಣದ ಫೋಮ್ ಈಗ ಎಲ್ಲರಿಗೂ ಹುಚ್ಚು. ಏನು ಕಾಣೆಯಾಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ, ಒಪ್ಪುತ್ತೇನೆ. ಆದರೆ ಪ್ಲಂಬರನ ಸಾಮಾನು ಒದ್ದೆಯಾಗಿಯೇ ವಾಪಸ್ ಬರುವುದು. ಒದ್ದೆ ಸ್ಪ್ಯಾನರ್ ಫೋಮ್ ಗುಳಿಯಲ್ಲಿ ಕೂತರೆ ಗಾಳಿ ಆಡಲ್ಲ, ತುಕ್ಕು ಗ್ಯಾರಂಟಿ. ಅಳತೆ ಸಾಮಾನಿನ ಡ್ರಾಯರ್‌ಗೆ ಮಾತ್ರ ಫೋಮ್ ಹಾಕಿ, ಉಳಿದವಕ್ಕೆ ತೂತಿನ ರಬ್ಬರ್ ಮ್ಯಾಟ್ ಹಾಸಿದೆ.

ತುಕ್ಕಿನ ಮಾತು ಬಂತಲ್ಲ, ಇನ್ನೊಂದು: ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಅರ್ಧ ಬಳಸಿದ ಟ್ಯೂಬ್ ಮುಚ್ಚಿದ ಬಾಕ್ಸ್‌ನಲ್ಲಿ ಬಿದ್ದಿದ್ದರೆ ಪಕ್ಕದ ಉಕ್ಕಿನ ಸಾಮಾನೆಲ್ಲ ಕಂದುಬಣ್ಣಕ್ಕೆ ತಿರುಗುತ್ತದೆ. ಇಟ್ಟಿಗೆ ತೊಳೆಯುವ ಆಸಿಡ್ ಅದಕ್ಕಿಂತ ಕೆಟ್ಟದ್ದು. ಎರಡಕ್ಕೂ ಹಿಂದಿನ ಬಯಲಲ್ಲಿ ಮುಚ್ಚಳದ ಬಕೆಟ್.

ಅಸಿಟಿಲೀನ್ ಸಿಲಿಂಡರ್ ಮಾತ್ರ ಎಷ್ಟೇ ಸಣ್ಣದಿರಲಿ ಬಾಕ್ಸ್ ಒಳಗೆ ಬೇಡವೇ ಬೇಡ. ಗಾಳಿಯಲ್ಲಿ 2.5 ಶೇಕಡಾ ಸೇರಿದರೂ ಹೊತ್ತಿಕೊಳ್ಳುವ ಅನಿಲ ಅದು. ರಾತ್ರಿಯಿಡೀ ಸಣ್ಣಗೆ ಸೋರಿದರೆ, ಬೆಳಗ್ಗೆ ರಿಮೋಟ್ ಒತ್ತಿದಾಗ ಬೀಗದ ಮೋಟಾರಿನ ಕಿಡಿಯೇ ಸಾಕು. ಬಯಲು ಟ್ರೇಯಲ್ಲಿ ನಿಲ್ಲಿಸಿ ಸರಪಳಿ ಬಿಗಿದಿದ್ದೇನೆ.

ಬಾಕಿ ಇರುವುದು

ಬಲ ಮೂಲೆಯ ರಬ್ಬರ್ ಬದಲಾಯಿಸಬೇಕು. ಡ್ರಿಲ್‌ನಂಥ ಉಪಕರಣಗಳ ಬ್ಯಾಟರಿಗಳಿಗೆ ಜಾಗ ಇನ್ನೂ ಗೊತ್ತುಮಾಡಿಲ್ಲ. ಬಿಸಿ ಬ್ಯಾಟರಿಯನ್ನು ಚಾರ್ಜರ್ ಮುಟ್ಟುವುದಿಲ್ಲ, ತಣ್ಣಗಾಗಲಿ ಅಂತ ಕಾಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅವನ್ನು ಕ್ಯಾಬಿನ್‌ಗೇ ತರುವ ಯೋಚನೆ ಇದೆ. ಮೇಲೆ ಏಣಿ ರ‍್ಯಾಕ್ ಕೂರಿಸಿ, ಇಂಧನದ ಟ್ಯಾಂಕ್ ತುಂಬಿಸಿ, ಹುಡುಗನನ್ನೂ ಕೂರಿಸಿಕೊಂಡು ಇಡೀ ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೋಗಬೇಕು. ತೂಕ ಜಾಸ್ತಿ ಬಂದರೆ ಮೊದಲು ಇಳಿಯುವುದು ಬಲಗಡೆಯ ಹಿತ್ತಾಳೆ ದಾಸ್ತಾನು.