ಮೂರು ಅಂಚಿನ ಬೀಜ

ಇವತ್ತು ನಡೆದು ಬರುವಾಗ ಕಾಲಡಿ ಚಟಚಟ ಸದ್ದು. ಬಗ್ಗಿ ನೋಡಿದರೆ ಬೀಚ್ ಮರದ ಕಾಯಿ. (ಸಮುದ್ರದ ಬೀಚ್ ಅಲ್ಲ, ಮರ!)

ಮುಳ್ಳುಮುಳ್ಳು ಸಿಪ್ಪೆ ನಾಲ್ಕಾಗಿ ಬಿರಿದಿತ್ತು. ಒಳಗೆ ಎರಡು ಕಂದು ಬೀಜ, ಒಂದೊಂದಕ್ಕೂ ಮೂರು ಚೂಪಾದ ಅಂಚು, ಯಾರೋ ಕೂತು ಕೆತ್ತಿ ಪಾಲಿಶ್ ಹಾಕಿದ ಹಾಗೆ. ಉಗುರಲ್ಲಿ ಸುಲಿದು ಸುಲಿದು ಬೆರಳು ನೋವು ಬಂತು, ಸಿಕ್ಕಿದ್ದು ಚಿಟಿಕೆ ತಿರುಳು. ಕೆಲವು ಬರೀ ಜೊಳ್ಳು. ಹಸಿಯಾಗಿ ಒಂಚೂರು ಒಗರು, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ, ಹುರಿದರೆ ರುಚಿ.

ಈ ಮರ ಪ್ರತಿ ವರ್ಷ ಹೀಗೆ ಸುರಿಸುವುದಿಲ್ಲ. ಕೆಲವು ವರ್ಷ ಸುಮ್ನೆ ಇದ್ದು, ಆಮೇಲೆ ಒಂದು ವರ್ಷ ಸುತ್ತಲಿನ ಬೀಚ್ ಮರಗಳೆಲ್ಲ ಒಟ್ಟಿಗೆ ಸುರಿಸುತ್ತವೆ, ಇಲಿ ಅಳಿಲು ಎಷ್ಟು ತಿಂದರೂ ಮುಗಿಯದಷ್ಟು. ನಾನು ನೋಡಿದರೆ ಒಂದು ಭಾನುವಾರ ಸುಮ್ನೆ ಕೂರುವುದಕ್ಕೂ ಒದ್ದಾಡುತ್ತೇನೆ.

ಜೇಬಲ್ಲಿ ಇನ್ನೂ ಹನ್ನೊಂದು ಇವೆ.