ಹೆಲ್ಮೆಟ್ ಮೇಲಿನ ಗೀರುಗಳು

ಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಸ್ಪ್ರಿಂಗ್ ಪ್ರಾಕ್ಟೀಸ್ ಇವತ್ತು ಮುಗಿಯಿತು. ಹೆಲ್ಮೆಟ್ ವಾಪಸ್ ಕೊಡುವ ಮುಂಚೆ ಮಗ ಅದನ್ನು ಸ್ವಲ್ಪ ಹೊತ್ತು ನನ್ನ ಕೈಗಿಟ್ಟ.

ಮೈತುಂಬಾ ಗೀರು. ಕೆಂಪು, ಹಸಿರು, ಹಣೆಯ ಹತ್ತಿರ ಉದ್ದಕ್ಕೆ ಒಂದು ನೀಲಿ. ಎಲ್ಲ ಎದುರಾಳಿಗಳ ಹೆಲ್ಮೆಟ್ ಉಜ್ಜಿ ಅಂಟಿಕೊಂಡ ಬಣ್ಣ. ಯಾವುದು ಯಾವ ಮ್ಯಾಚಿನದು ಅಂತ ಅವನಿಗೆ ಚೆನ್ನಾಗಿ ನೆನಪಿದೆ.

ಇವನು ಗಾರ್ಡ್. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಜನರಲ್ಲಿ ಒಬ್ಬ. ಚೆಂಡು ಕೈಗೆ ಸಿಗುವುದೇ ಅಪರೂಪ. ಮೈಕಿನಲ್ಲಿ ಹೆಸರು ಕೂಗುವುದೂ ಇಲ್ಲ. ಆದರೆ ಪ್ರತಿ ಆಟದಲ್ಲೂ ಗುದ್ದಾಟ ಇವನದೇ. ಈ ಐವರು ಎದುರಾಳಿಗಳನ್ನು ತಡೆದು ನಿಲ್ಲಿಸಿದರೆ ತಾನೇ ಉಳಿದವರು ಓಡುವುದು? ನನಗಂತೂ ಈಗ ಮ್ಯಾಚ್ ನೋಡುವಾಗ ಕಣ್ಣು ಚೆಂಡಿನ ಮೇಲೆ ಹೋಗುವುದೇ ಇಲ್ಲ.

ಆಗಸ್ಟ್‌ನಲ್ಲಿ ಮತ್ತೆ ಶುರು. ಟೆಕ್ಸಸ್ ಬಿಸಿಲು ಗೊತ್ತಲ್ವಾ, ನನಗೆ ಭಯ ಅದರದೇ ಜಾಸ್ತಿ. ಆದರೆ ಶುಕ್ರವಾರ ರಾತ್ರಿ ಲೈಟ್ ಹತ್ತಿ, ಬ್ಯಾಂಡ್ ಶುರುವಾದರೆ ಊರಿಗೆ ಊರೇ ಅಲ್ಲಿರುತ್ತದೆ. ಇಲ್ಲೇ ಆಲನ್ ಊರಿನ ಹೈಸ್ಕೂಲ್ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. ಅಲ್ಲೊಂದು ಮ್ಯಾಚ್ ಸಿಗಲಿ ಅಂತ ಇವನ ಆಸೆ. ಗೆಲ್ಲುತ್ತಾ ಡಿಸೆಂಬರ್‌ವರೆಗೂ ಆಡುತ್ತಲೇ ಇರಲಿ ಅಂತ ನನ್ನದು. ಹೈಸ್ಕೂಲಿನಲ್ಲಿ ಇದು ಅವನ ಕೊನೆಯ ವರ್ಷ.

ಡ್ಯಾಲಸ್ ಕಡೆಯ ಗೆಳೆಯರೇ, ಒಂದು ಶುಕ್ರವಾರ ಬನ್ನಿ. ಪುಳಿಯೋಗರೆ ತಂದಿರುತ್ತೇನೆ, ಮ್ಯಾಚ್ ಮುಗಿದ ಮೇಲೆ ಪಾರ್ಕಿಂಗ್‌ನಲ್ಲೇ ತಿನ್ನೋಣ.