ಸುಲ್ತಾನಪೇಟೆಯ ಮೆಟ್ಟಿಲು

ಅಕ್ಕನಿಗೆ ಸ್ಕಂದಗಿರಿ ಹತ್ತುವ ಆಸೆ. ಅದಕ್ಕೆ ಮುಂಗಡವಾಗಿ ಆನ್‌ಲೈನ್ ಟಿಕೆಟ್ ಬೇಕು. ನಮ್ಮ ಮನೆಯಲ್ಲಿ ಭಾನುವಾರದ ಯೋಜನೆ ಹುಟ್ಟುವುದೇ ಶನಿವಾರ ರಾತ್ರಿ ಊಟವಾದ ಮೇಲೆ. ಹಾಗಾಗಿ ಮತ್ತೆ ನಂದಿಬೆಟ್ಟ.

ಆದರೆ ಈ ಸಲ ಕಾರಿನ ಸಾಲಿನಲ್ಲಿ ಕುಳಿತು ತಿರುವು ಎಣಿಸಲಿಲ್ಲ. ಬುಡದ ಸುಲ್ತಾನಪೇಟೆಯಿಂದ ಹಳೆಯ ಮೆಟ್ಟಿಲ ದಾರಿ ಹಿಡಿದೆವು. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಒಂದರಂತೆ ಇನ್ನೊಂದಿಲ್ಲ. ಒಂದು ಗೇಣುದ್ದ, ಮುಂದಿನದು ಮೊಳಕಾಲೆತ್ತರ. ಕೆಲವು ಕಲ್ಲುಗಳು ನಡುವೆ ಸವೆದು ತಟ್ಟೆಯಂತಾಗಿದ್ದವು. ಅದರಲ್ಲಿ ಇಬ್ಬನಿ ನೀರು, ನೀರಿನಲ್ಲಿ ಒಂದು ಇರುವೆ. ಏದುಸಿರು ಬಿಡುತ್ತಾ ಅಲ್ಲಿಯೇ ಕುಳಿತಾಗ ಅನ್ನಿಸಿತು: ಇಷ್ಟು ವರ್ಷ ನಾನು ನೋಡಿದ್ದು ಬೆಟ್ಟದ ತುದಿಯನ್ನು ಮಾತ್ರ.

ಕೋಟೆಯ ಬಾಗಿಲು ಕಾಣಿಸುವ ಹೊತ್ತಿಗೆ ಸೂರ್ಯ ಮೇಲೇರಿ, ಮಂಜೆಲ್ಲ ಕರಗಿತ್ತು. 1,478 ಮೀಟರ್ ಎತ್ತರದಲ್ಲಿ ಅಕ್ಕ ಕಡಲೆಕಾಯಿ ಪೊಟ್ಟಣ ಬಿಚ್ಚಿದಳು. ನಾವು ತಿಂದದ್ದು ನಾಲ್ಕೇ ಕಾಳು, ಉಳಿದದ್ದು ಕೋತಿಯ ಪಾಲು. ಇಳಿಯುವಾಗ ಮೊಳಕಾಲು ನಡುಗಿತು. ಅಕ್ಕ ಮಾತ್ರ ಇಂದು ಬೆಳಿಗ್ಗೆಯೇ ಸ್ಕಂದಗಿರಿಯ ಟಿಕೆಟ್ ನೋಡುತ್ತಿದ್ದಾಳೆ.